ಗ್ಯಾಸ್ ಇರ್ಬೇಕು ಬಿಡು

ಪ್ಲಾಸ್ಟಿಕ್ ಹೃದಯದ ಮುಚ್ಚಳ ಮತ್ತೆ ಕಳಚಿಕೊಂಡಿತು, ಅವಳು ನೋಡದೆಯೇ ಹೆಬ್ಬೆರಳಿನಿಂದ ಒತ್ತಿ ಕೂರಿಸಿದಳು, ಹನ್ನೊಂದು ವರ್ಷದಿಂದ ಒತ್ತುತ್ತಲೇ ಇದ್ದಾಳೆ, ಕೊಕ್ಕೆ ಸವೆದುಹೋಗಿದೆ — ಇದು ನಿಮ್ಮ ಮುಷ್ಟಿಯಷ್ಟೇ ಇರುತ್ತೆ, ಎಲ್ಲರೂ ಒಂದ್ಸಲ ಮುಷ್ಟಿ ಹಿಡೀರಿ ನೋಡೋಣ — ರಟ್ಟಿನ ಪೆಟ್ಟಿಗೆ ಕಾರ್ಖಾನೆಯ ಊಟದ ಕೋಣೆಯಲ್ಲಿ ಅರವತ್ತು ಮುಷ್ಟಿಗಳು ಮೇಲೆದ್ದವು, ಬೆರಳುಗಳ ಮೇಲೆಲ್ಲ ಒಣಗಿದ ಅಂಟಿನ ಸಿಪ್ಪೆ, ಹಿಂದಿನ ಬೆಂಚಿನಲ್ಲಿ ಯಾರೋ ಪಕ್ಕದವನ ಬೆನ್ನಿಗೊಂದು ಗುದ್ದಿದರು, ನಗು, ಪ್ರತಿ ಸಲವೂ ನಗು ಇಲ್ಲೇ ಬರುತ್ತದೆ, ಅವಳ ಬಾಯಿಯೂ ಅದರ ಪಾಡಿಗೆ ಅದು ನಕ್ಕಿತು. ಆರೋಗ್ಯ ಇಲಾಖೆಯವರು ಅವಳ ಕೆಲಸಕ್ಕೆ ಇಟ್ಟ ಹೆಸರು ಮಾರುದ್ದ, ಜನ ಇಟ್ಟದ್ದು ಚಿಕ್ಕದು, ಹಾರ್ಟ್ ಮೇಡಂ, ಹಾರ್ಟ್ ಮೇಡಂ ಬಂದ್ರು, ಸಿಗರೇಟು ಬಚ್ಚಿಡ್ರೋ. ಇಪ್ಪತ್ತಮೂರು ದಿನದ ರಜೆ ಮುಗಿದ ಮೇಲೆ ಇದೇ ಮೊದಲ ಭಾಷಣ, ಮೇಲಧಿಕಾರಿ ಬೆಳಿಗ್ಗೆ ಕೇಳಿದ್ದರು, ಆಗುತ್ತಾ ನಿಮ್ಮ ಕೈಲಿ, ಬೇಕಾದ್ರೆ ಇನ್ನೊಂದು ವಾರ ತಗೊಳ್ಳಿ, ಆಗುತ್ತೆ ಸರ್ ಅಂದಳು, ಆಗದೆ ಏನು, ಮಾತೆಲ್ಲ ಬಾಯಿಪಾಠ, ಅಕ್ಕ ಸತ್ತಳೆಂದು ಬಾಯಿಪಾಠ ಮರೆತುಹೋಗುವುದಿಲ್ಲ.

ಉಪ್ಪು ಕಡಿಮೆ ಮಾಡಿ, ದಿನಾ ಅರ್ಧ ಗಂಟೆ ನಡೀರಿ, ಬಿಪಿ ಶುಗರ್ ವರ್ಷಕ್ಕೊಂದ್ಸಲ ಆದ್ರೂ ನೋಡಿಸಿಕೊಳ್ಳಿ — ನಾಲಿಗೆ ಮುಂದೆ ಮುಂದೆ ಹೋಗುತ್ತಿದೆ, ಅವಳು ಹಿಂದೆಲ್ಲೋ ಉಳಿದಿದ್ದಾಳೆ, ನೀರಿನೊಳಗೆ ಕೂತು ಮೇಲಿನವರ ಮಾತು ಕೇಳಿದ ಹಾಗಿದೆ — ಹೆಂಗಸರಿಗೆ ಎದೆನೋವೇ ಬರಬೇಕು ಅಂತೇನಿಲ್ಲ, ದವಡೆ ಹಿಡ್ಕೋಬಹುದು, ಬೆನ್ನು ಭಾರ ಆಗಬಹುದು, ಬೆವರು, ವಾಕರಿಕೆ, ಗ್ಯಾಸ್ ಅಂತ ಸುಮ್ಮನೆ ಕೂರಬೇಡಿ — ಇದೇ ಸಾಲನ್ನು ಆ ದಿನವೂ ಹೇಳುವುದಿತ್ತು, ಶಾಲೆಯೊಂದರ ಶಿಕ್ಷಕಿಯರಿಗೆ, ಮೈಕು ಗೊರಗುಟ್ಟುತ್ತಿತ್ತು, ಅದನ್ನು ತಟ್ಟುತ್ತ ನಿಂತಾಗ ಫೋನು, ಏನಕ್ಕ, ಬೇಗ ಹೇಳು, ಬೆಳಿಗ್ಗೆಯಿಂದ ದವಡೆ ಒಂಥರಾ ಹಿಡ್ಕೊಂಡಿದೆ ಕಣೇ, ಬೆನ್ನೂ ಭಾರ, ಆಸ್ಪತ್ರೆಗೆ ಹೋಗಿ ಬರ್ಲಾ, ಗ್ಯಾಸ್ ಇರ್ಬೇಕು ಬಿಡು, ಬಿಸಿನೀರು ಕುಡಿದು ಮಲ್ಕೋ, ಸಂಜೆ ನಾನೇ ಬರ್ತೀನಿ ಅಂದಿದ್ದಳು ಇವಳು. ಅಕ್ಕನಿಗೆ ಸದಾ ಏನಾದರೊಂದು, ಮಂಡಿ, ತಲೆಸುತ್ತು, ಕಣ್ಣುರಿ, ಯಾವುದನ್ನೆಂದು ಕಿವಿಗೆ ಹಾಕಿಕೊಳ್ಳುವುದು, ಆಯ್ತಮ್ಮ, ನೀನು ಹೇಳಿದ ಮೇಲೆ ಮುಗೀತು, ನಿನಗೆ ಗೊತ್ತಿಲ್ಲದ್ದೇನು ಅಂದಿದ್ದಳು ಅಕ್ಕ, ಅದು ಚುಚ್ಚುಮಾತಲ್ಲ, ಹೆಮ್ಮೆ, ತಂಗಿಯ ಕೆಲಸದ ಮೇಲೆ ಅವಳಿಗಿದ್ದ ಹೆಮ್ಮೆ. ಆ ದಿನ ಭಾಷಣ ಚೆನ್ನಾಗಿಯೇ ಆಯಿತು. ಚಪ್ಪಾಳೆ ಹೊಡೆದರು.

ಪ್ರಶ್ನೆ ಇದ್ರೆ ಕೇಳಿ, ಅಂದಳು ಇವತ್ತೂ, ಊಟದ ಕೋಣೆಯ ಬೆಂಚುಗಳು ಸದ್ದು ಮಾಡುತ್ತ ಹಿಂದೆ ಸರಿದವು, ಅವಳು ಹೃದಯವನ್ನು ಚೀಲಕ್ಕೆ ಹಾಕುತ್ತಿದ್ದಾಗ ಪೆಟ್ಟಿಗೆ ಮಡಚುವ ಹೆಂಗಸೊಬ್ಬಳು ಹತ್ತಿರ ಬಂದು ನಿಂತಳು, ಐವತ್ತರ ಆಸುಪಾಸು, ಮೇಡಂ, ಬೆನ್ನು ಭಾರ ಅಂದ್ರಲ್ಲ, ನಂಗೂ ಬೆಳಿಗ್ಗೆಯಿಂದ ಹಂಗೇ ಇದೆ, ಕಟ್ಟು ಎತ್ತಿ ಎತ್ತಿ ಇರ್ಬೇಕಲ್ವಾ — ನಿಂತದ್ದು ಫ್ಯಾನಿನ ಕೆಳಗೇ, ಆದರೂ ಕುತ್ತಿಗೆಯಲ್ಲಿ ಬೆವರು ಹನಿಗಟ್ಟಿದೆ — ಅಯ್ಯೋ ಅವಳದ್ದು ದಿನಾ ಇದ್ದದ್ದೇ ಮೇಡಂ ಅಂದ ಸೂಪರ್ವೈಸರ್, ಗ್ಯಾಸು, ಒಂದು ಮಾತ್ರೆ ನುಂಗಿದ್ರೆ ಹೋಗುತ್ತೆ. ಸಿಟ್ಟು ಬರಬೇಕಿತ್ತು, ಬರಲಿಲ್ಲ, ಉಪ್ಪು ಕಡಿಮೆ ಮಾಡಿ ಎಂದ ದನಿಯಲ್ಲೇ ಹೇಳಿದಳು, ವ್ಯಾನ್ ತೆಗೆಸ್ರಿ, ಈಗಲೇ. ವ್ಯಾನಿನಲ್ಲಿ ಹೆಂಗಸು ಗೊಣಗುತ್ತಲೇ ಇದ್ದಳು, ಊಟದ ಡಬ್ಬಿ ಅಲ್ಲೇ ಉಳೀತು, ಅರ್ಧ ದಿನದ ಕೂಲಿ ಹಿಡೀತಾರೆ, ಏನೂ ಇಲ್ಲದೆ ವಾಪಸ್ ಬಂದ್ರೆ ಎಲ್ಲರೂ ಆಡ್ಕೊಂಡು ನಗ್ತಾರೆ ಮೇಡಂ, ನಗಲಿ ಬಿಡಮ್ಮ, ಅಂದಳು, ಹೆಂಗಸಿನ ಮಣಿಕಟ್ಟು ಅವಳ ಕೈಯಲ್ಲಿತ್ತು, ತಣ್ಣಗೆ, ತೇವವಾಗಿ, ತಣ್ಣಗಿದ್ದದ್ದು ಯಾರ ಕೈ ಎಂಬುದು ತಿಳಿಯಲಿಲ್ಲ.

ಆಸ್ಪತ್ರೆಯಲ್ಲಿ ಡಾಕ್ಟರು ಇಸಿಜಿ ಕಾಗದವನ್ನು ಎಳೆದೆಳೆದು ನೋಡಿದರು, ಆಮೇಲೆ ಎಲ್ಲರೂ ಒಟ್ಟಿಗೆ ಓಡಾಡಿದರು, ಗಾಲಿಮಂಚದಿಂದ ಹೆಂಗಸು ತಲೆಯೆತ್ತಿ ನನ್ನ ಮಗಳಿಗೆ ಒಂದು ಫೋನ್ ಮಾಡಿ ಎಂದಳು, ಬಾಗಿಲು ಮುಚ್ಚಿತು, ತುಂಬ ಹೊತ್ತಿನ ಮೇಲೆ ತೆರೆಯಿತು, ಉಳ್ಕೊಂಡ್ರು ಮೇಡಂ, ಇನ್ನೊಂದು ಗಂಟೆ ತಡ ಆಗಿದ್ರೆ ಕಷ್ಟ ಇತ್ತು, ಒಳ್ಳೇ ಕೆಲಸ ಮಾಡಿದ್ರಿ, ಅಂದರು ಡಾಕ್ಟರು. ಸಂತೋಷ ಬರುತ್ತದೇನೋ ಎಂದು ಕಾದಳು, ಕಾರಿಡಾರಿನಲ್ಲಿ ಯಾರೋ ನೆಲ ಒರೆಸುತ್ತಿದ್ದರು, ಒದ್ದೆಯಾದ ಜಾಗ ಒಣಗಿತು, ಏನೂ ಬರಲಿಲ್ಲ. ಇದು ಅವರದ್ದು, ಮಗಳು ಬರೋ ತನಕ ನೀವೇ ಇಟ್ಕೊಂಡಿರಿ, ನರ್ಸು ಅವಳ ಕೈಗೆ ಕೊಟ್ಟದ್ದು ಹೆಂಗಸಿನ ಚಪ್ಪಲಿ, ಹಿಮ್ಮಡಿಗೆ ಬಿಗಿಯುವ ಪಟ್ಟಿಯದ್ದು, ಬಕಲು ತಣ್ಣಗಿತ್ತು — ಆ ದಿನ ಸಂಜೆ ಆರಕ್ಕೆ ಬಾಗಿಲು ತಳ್ಳಿದರೆ ಅಕ್ಕ ಮಲಗಿರಲಿಲ್ಲ, ಬಾಗಿಲ ಪಕ್ಕದ ಕುರ್ಚಿಯಲ್ಲೇ ಇದ್ದಳು, ತಲೆ ಬಾಚಿಕೊಂಡು, ಪರ್ಸು ತೊಡೆಯ ಮೇಲೆ, ತಲೆ ಗೋಡೆಗೆ ಒರಗಿತ್ತು, ಹೊರಟೇಬಿಟ್ಟಿದ್ದಳು, ತಂಗಿ ಬೇಡ ಅಂದರೂ ಆಸ್ಪತ್ರೆಗೆ ಹೊರಟಿದ್ದಳು, ಬಲಗಾಲಿನ ಪಟ್ಟಿ ಬಿಗಿದಿತ್ತು, ಎಡಗಾಲು ಚಪ್ಪಲಿಯೊಳಗೆ ಹೋಗಿತ್ತು, ಪಟ್ಟಿ ಬಿಗಿದಿರಲಿಲ್ಲ, ನೆಲದ ಮೇಲೆ ಬಿದ್ದಿತ್ತು, ಬಗ್ಗಿ ಬಿಗಿಯುವುದಷ್ಟೇ ಬಾಕಿ, ಬಲಗಾಲಿನದ್ದು ಬಿಗಿದಿತ್ತು — ಎಡಗಾಲಿನದ್ದು — ಬಕಲು ನೆಲದ ಮೇಲೆ, ಪಟ್ಟಿ ತೆರೆದೇ —