ಜನರಿರುವ ಹಾಳುಮನೆ

ತನ್ನ ಮನೆ ಹಾಳುಬಿದ್ದಿದೆ ಎಂಬ ಸಂಗತಿ ವೆರ್ನಾಗೆ ಗೊತ್ತಾದದ್ದು ಯಾರ್ಕ್‌ಟನ್ ಪಟ್ಟಣದಲ್ಲಿ ಹಲ್ಲು ಕೀಳಿಸಿಕೊಂಡ ದಿನ. ದವಡೆಯ ಒಂದು ಕಡೆ ಪೂರ್ತಿ ಮರಗಟ್ಟಿತ್ತು. ಹೊರಗೆ ಏಪ್ರಿಲ್ ತಿಂಗಳ ಕೊಳಕು ಹಿಮ ಕರಗಿ ಬೀದಿಯೆಲ್ಲ ರಾಡಿ. ಗಂಡ ಓರೆಸ್ಟ್ ಟ್ರಕ್ಕಿಗೆ ಟೈರು ಹಾಕಿಸಿಕೊಂಡು ಬರುವತನಕ ಬೆಚ್ಚಗೆ ಕೂತಿರೋಣವೆಂದು ಅವಳು ಲೈಬ್ರರಿಯೊಳಗೆ ಹೋದಳು. ಅಲ್ಲಿ ಫೋಟೋ ಪ್ರದರ್ಶನ ನಡೆದಿತ್ತು. ‘ಹುಲ್ಲುಗಾವಲಿನ ಅವಶೇಷಗಳು’ ಎಂದು ಬಾಗಿಲಲ್ಲೇ ಬರೆದಿದ್ದರು.

ತುಕ್ಕು ಹಿಡಿದ ಟ್ರಾಕ್ಟರು, ಗುಮ್ಮಟ ಕುಸಿದ ಇಗರ್ಜಿ, ಕಿಟಕಿಯೇ ಇಲ್ಲದ ಶಾಲೆ. ಎಲ್ಲವನ್ನೂ ಅವಳು ನೋಡಿಬಲ್ಲಳು. ಶಾಲಾ ಬಸ್ಸು ಓಡಿಸುವವಳಿಗೆ ಜಿಲ್ಲೆಯ ಯಾವ ಮೂಲೆ ತಾನೇ ಅಪರಿಚಿತ? ಆದರೆ ಕೊನೆಯ ಗೋಡೆಯಲ್ಲಿ, ಎಲ್ಲಕ್ಕಿಂತ ದೊಡ್ಡ ಚೌಕಟ್ಟಿನಲ್ಲಿ, ಮೊದಲ ಬಹುಮಾನದ ನೀಲಿ ರಿಬ್ಬನ್ನು ಅಂಟಿಸಿಕೊಂಡು ನಿಂತಿದ್ದದ್ದು ಅವಳ ಮನೆ.

‘ಮರೆತುಹೋದದ್ದು’ ಎಂದು ಹೆಸರು. ಅದರ ಕೆಳಗೆ: ‘ಕೊನೆಯ ಬಾರಿ ಬಾಗಿಲು ಮುಚ್ಚಿ ಹೋದವರು ಯಾರೋ. ಹರಿದ ಪರದೆಯನ್ನು ಈಗ ಸರಿಸುವುದು ಗಾಳಿ ಮಾತ್ರ.’

ಪರದೆ ಹರಿದಿರಲಿಲ್ಲ. ಅದು ತೂತುತೂತಿನ ಲೇಸ್ ಹೆಣಿಗೆ. ಹೋದ ಕ್ರಿಸ್‌ಮಸ್ಸಿಗೆ ಅವಳೇ ಹೆಣೆದದ್ದು.

“ಇದು ನಮ್ಮನೆ,” ಎಂದಳು ಮೇಜಿನ ಹಿಂದೆ ಕೂತಿದ್ದ ಹುಡುಗಿಗೆ. ಮರಗಟ್ಟಿದ ಬಾಯಿಂದ ಹೊರಟದ್ದು ಬರೀ ತೊದಲು, ಜೊತೆಗೊಂದಿಷ್ಟು ಜೊಲ್ಲು. ಹುಡುಗಿ ಎದ್ದು ಬಂದು ಭುಜ ಸವರಿದಳು.

“ಗೊತ್ತಾಗುತ್ತೆ ಮೇಡಂ. ಇದರ ಮುಂದೆ ಸುಮಾರು ಜನ ಅತ್ತುಬಿಡ್ತಾರೆ. ತಗೊಳ್ಳಿ, ಒರೆಸ್ಕೊಳ್ಳಿ.”

ಅಷ್ಟರಲ್ಲಿ ಓರೆಸ್ಟ್ ಬಂದ. ಚಿತ್ರದ ಮುಂದೆ ಸೊಂಟಕ್ಕೆ ಕೈಯಿಟ್ಟು ತುಂಬ ಹೊತ್ತು ನಿಂತ. ಅವನ ಮುಖ ಕೆಂಪೇರಿತು. ಸದ್ಯ, ಇವನಿಗಾದರೂ ರೋಷ ಬಂತಲ್ಲ ಎಂದು ವೆರ್ನಾ ಅಂದುಕೊಂಡಳು.

“ನನ್ನ ಟ್ರಕ್ ಎಲ್ಲೇ?” ಎಂದ.

ನಿಜವೇ. ಹಗಲೂ ರಾತ್ರಿ ಅಂಗಳದಲ್ಲೇ ಬಿದ್ದಿರುವ ಟ್ರಕ್ಕು ಚಿತ್ರದಲ್ಲಿ ಇರಲಿಲ್ಲ. ಸೂರಿನ ಮೇಲಿನ ಡಿಶ್ ಆಂಟೆನಾ ಕೂಡ ಮಾಯ.

“ಅಳಿಸಿಹಾಕಿದಾನೆ, ಕಳ್ಳ! ಮನೇನ ಏನಾದ್ರೂ ಅನ್ಲಿ. ಟ್ರಕ್ಕು ಏನು ಪಾಪ ಮಾಡಿತ್ತು?”

ಊರಿಗೆ ಮರಳುವ ದಾರಿಯಲ್ಲಿ ಬಾಯಿ ಸ್ವಲ್ಪ ಸ್ವಾಧೀನಕ್ಕೆ ಬಂದಿತು. “ಎಷ್ಟು ವರ್ಷದಿಂದ ಬಡ್ಕೊಂಡೆ, ಬಣ್ಣ ಹೊಡಿ, ಜಗಲಿಗೆ ಒಂದು ಆಸರೆ ಕೊಡು ಅಂತ,” ಎಂದು ಶುರುಮಾಡಿದಳು.

“ಹೊಡೆದಿದ್ರೆ ಬಹುಮಾನ ಬರ್ತಿತ್ತಾ? ಹೇಳು ನೋಡಣ,” ಎಂದ ಓರೆಸ್ಟ್. ಆ ಮಾತು ಅವನಿಗೇ ಹೊಳೆದದ್ದು ಆಗ. ಹೊಳೆದದ್ದೇ ತಡ, ಟ್ರಕ್ಕಿನ ದುಃಖ ಮರೆತೇಹೋಯಿತು.

ಮಾರನೆಯ ದಿನ ಮಕ್ಕಳನ್ನೆಲ್ಲ ಇಳಿಸಿ ಖಾಲಿ ಬಸ್ಸಿನಲ್ಲಿ ಬರುತ್ತ ವೆರ್ನಾ ರಸ್ತೆಯ ತಿರುವಿನಲ್ಲಿ ಗಾಡಿ ನಿಲ್ಲಿಸಿ ತನ್ನ ಮನೆಯನ್ನು ನೋಡಿದಳು. ಓರೆಸ್ಟನ ಅಜ್ಜ ಉಕ್ರೇನಿನಿಂದ ಬಂದ ಮೇಲೆ ಕಟ್ಟಿದ ಮನೆ. ಬಣ್ಣ ಉದುರಿ ಹಲಗೆಗಳು ಬೂದಿಯ ಹಾಗಾಗಿದ್ದವು. ಜಗಲಿ ಕುಡಿದವನಂತೆ ಒಂದು ಕಡೆಗೆ ವಾಲಿತ್ತು. ಬೆಳಿಗ್ಗೆ ತಾನೇ ಗುಡಿಸಿ ಬಂದಿದ್ದಳು. ಗುಡಿಸಿದ್ದು ಇಲ್ಲಿಂದ ಕಾಣುತ್ತಲೇ ಇರಲಿಲ್ಲ. ಒಳಗೆ ಮನುಷ್ಯರಿದ್ದಾರೆಂದು ದಾರಿಹೋಕನಿಗೆ ಯಾವ ಮುಖ ಇಟ್ಟುಕೊಂಡು ಹೇಳುವುದು? ಚಿತ್ರ ಚೆನ್ನಾಗಿತ್ತು ಅನ್ನುವುದೇ ಅವಳನ್ನು ಹೆಚ್ಚು ಚುಚ್ಚಿತು.

ಮೇ ತಿಂಗಳ ಹೊತ್ತಿಗೆ ಆ ಚಿತ್ರ ನೋಡಿದವರು ಕಾರುಗಳಲ್ಲಿ ಬರತೊಡಗಿದರು. ಬೇಲಿಯಾಚೆ ನಿಂತು ಕ್ಯಾಮೆರಾ ಎತ್ತಿ, ಟ್ರಕ್ಕನ್ನು ಕಂಡು ಮುಖ ಗಂಟಿಕ್ಕಿ, ಅದು ಬಾರದ ಹಾಗೆ ಕೋನ ಹುಡುಕುತ್ತಿದ್ದರು. ಒಂದು ಶನಿವಾರ ವೆರ್ನಾ ಅಡುಗೆಮನೆಯಲ್ಲಿ ಆಲೂಗಡ್ಡೆ ತುಂಬಿ ಪಿರೋಹಿ ಕಡುಬು ಮಡಿಸುತ್ತಿದ್ದಾಗ ಹಿತ್ತಲ ಬಾಗಿಲು ಕಿರುಗುಟ್ಟಿತು. ಬೆನ್ನಿಗೆ ಚೀಲ, ಕೊರಳಲ್ಲಿ ಕ್ಯಾಮೆರಾ ತೂಗುಹಾಕಿಕೊಂಡ ಒಬ್ಬ ಯುವಕ, ಒಬ್ಬಳು ಯುವತಿ ಬೆಕ್ಕಿನ ಹೆಜ್ಜೆಯಿಡುತ್ತ ಒಳಬಂದರು.

“ಅಯ್ಯೋ!” ಎಂದಳು ಯುವತಿ. “ಇಲ್ಲಿ... ಯಾರಾದ್ರೂ ಇದಾರಾ?”

“ಇಲ್ಲಮ್ಮ. ನಾನು ಸತ್ತು ಬಹಳ ಕಾಲ ಆಯ್ತು,” ಎಂದಳು ವೆರ್ನಾ. “ಕಾಲು ಒರೆಸ್ಕೊಂಡು ಬನ್ನಿ. ನೆಲ ಈಗಷ್ಟೇ ಒರೆಸಿದೀನಿ.”

ಅವರು ಕ್ಷಮೆ ಕೇಳಿದರು, ಕಾಲೊರೆಸಿಕೊಂಡರು, ಕೂತು ತಟ್ಟೆ ತುಂಬ ಪಿರೋಹಿ ತಿಂದರು. ಹುಳಿಕೆನೆ ಎರಡನೇ ಸಲ ಹಾಕಿಸಿಕೊಳ್ಳುತ್ತ ಯುವಕ ತುಂಬ ಸಂಕೋಚದಿಂದ ಕೇಳಿದ: “ಮೇಡಂ, ಸ್ವಲ್ಪ ಹೊತ್ತು ಕೊಟ್ಟಿಗೇಲಿ ಕೂತಿರ್ತೀರಾ? ಮನೆ ಖಾಲಿ ಕಾಣ್ಬೇಕಿತ್ತು.”

ಕೊನೆಗೆ ಛಾಯಾಗ್ರಾಹಕನೇ ಬಂದ. ಗ್ರೇಡನ್ ವಿಟ್ಲಾಕ್, ಸಾಸ್ಕಟೂನಿನವನು. ಸಣಕಲು, ಮೆದು ಮಾತು. ಜನ ವಾಸವಾಗಿರುವುದು ಲೈಬ್ರರಿಯವರಿಂದ ತಿಳಿಯಿತಂತೆ. ಹಣ್ಣಿನ ಕಡುಬೊಂದನ್ನು ವೆರ್ನಾಳ ಕೈಗಿತ್ತು ಕ್ಷಮೆ ಕೇಳಿದ.

“ಅಲ್ಲಾರೀ, ಬಾಗಿಲು ತಟ್ಟಿ ನೋಡ್ಬೇಕು ಅಂತ ಅನಿಸ್ಲಿಲ್ವಾ?” ಎಂದಳು ವೆರ್ನಾ.

“ನಿಜ ಹೇಳ್ಲಾ? ತಟ್ಟೋಕೆ ಭಯ ಆಯ್ತು. ಯಾರಾದ್ರೂ ತೆಗೆದುಬಿಟ್ರೆ ಅಂತ.”

“ಈಗ ಗೊತ್ತಾಯ್ತಲ್ಲ. ಬರೆದಿರೋದನ್ನ ತಿದ್ದಿ.”

ಗ್ರೇಡನ್ ಟೋಪಿಯನ್ನು ಕೈಯಲ್ಲಿ ತಿರುಗಿಸಿದ. “ಜನ ಇದಾರೆ ಅಂತ ಬರೆದ್ರೆ ಚಿತ್ರದ ಅರ್ಥಾನೇ ಹೋಗಿಬಿಡುತ್ತೆ, ಮಿಸೆಸ್ ಕೊಸ್ಟಿನ್.”

“ಅಂದ್ರೆ ನಾವು ಹೋದ್ರೆ ಅರ್ಥ ಉಳಿಯುತ್ತೆ.”

ಅಷ್ಟರಲ್ಲಿ ಓರೆಸ್ಟ್ ಹೊರಬಂದ. ಗ್ರೇಡನ್ ಅವನ ಕೈಯನ್ನು ಎರಡೂ ಕೈಯಲ್ಲಿ ಹಿಡಿದು, “ಈ ಹಲಗೆ, ಈ ಜಗಲಿ... ಇದನ್ನ ಹೀಗೇ ಕಾಪಾಡ್ಕೊಂಡು ಬಂದಿದೀರಲ್ಲ ಸಾರ್, ನಿಮಗೆ ಎಷ್ಟು ಥ್ಯಾಂಕ್ಸ್ ಹೇಳಿದ್ರೂ ಸಾಲದು,” ಎಂದ.

“ಏನೋ, ನಮ್ಮ ಕೈಲಾದಷ್ಟು,” ಎಂದ ಓರೆಸ್ಟ್, ಗಂಭೀರವಾಗಿ.

“ಅದಂತೂ ನಿಜ,” ಎಂದಳು ವೆರ್ನಾ. “ಏನೂ ಮಾಡದೆ ಕೂರೋದಕ್ಕೆ ಇವನಷ್ಟು ಕಷ್ಟಪಟ್ಟೋರು ಈ ಪ್ರಾಂತ್ಯದಲ್ಲೇ ಇಲ್ಲ.”

ಶಾಲೆಗೆ ಬೇಸಗೆ ರಜೆ ಬಿದ್ದ ಮೊದಲ ಸೋಮವಾರವೇ ಅವಳು ಏಣಿ ಹಾಕಿದಳು. ಆಕಾಶನೀಲಿ ಬಣ್ಣ, ಕಿಟಕಿಗಳಿಗೆ ಬಿಳಿ. ಓರೆಸ್ಟ್ ಟ್ರಕ್ಕಿನ ಮೇಲೆ ಕೂತು ಕಲೆಯ ಪರವಾಗಿ ಪ್ರತಿಭಟಿಸಿದ. “ಚರಿತ್ರೇನ ಅಳಿಸ್ತಿದೀಯ ಕಣೇ.”

“ಚರಿತ್ರೆಗೆ ಗೆದ್ದಲು ಹಿಡಿದಿದೆ. ಏಣಿ ಹಿಡ್ಕೊ ಬಾ.”

ಹಿಡಿದುಕೊಂಡ. ಮರುದಿನ ಅವನ ಕೈಗೂ ಬ್ರಷ್ಷು ಬಂತು. ವಾರ ಮುಗಿಯುವುದರೊಳಗೆ ಜಗಲಿಯನ್ನು ಜಾಕ್ ಕೊಟ್ಟು ಮೇಲೆತ್ತಿ ಕಂಬ ನಿಲ್ಲಿಸಿದ. ಅದು ಮೊದಲಿಂದಲೂ ತನ್ನದೇ ಯೋಜನೆ ಎಂಬಂತೆ ವೆರ್ನಾಗೆ ಸಲಹೆಯನ್ನೂ ಕೊಡತೊಡಗಿದ. ಕಾರುಗಳು ತಿರುವಿನಲ್ಲಿ ನಿಧಾನಿಸಿ, ಮನೆಯನ್ನು ನೋಡಿ, ಮುಂದೆ ಸಾಗುತ್ತಿದ್ದವು. ಒಬ್ಬ ಹೆಂಗಸು ಮಾತ್ರ ಗಾಜು ಇಳಿಸಿ ಕೇಳಿದಳು: “ಇಲ್ಲೆಲ್ಲೋ ಒಂದು ಹಾಳುಮನೆ ಇದೆಯಂತಲ್ಲ?”

“ಮುಂದಿನ ತಿರುವಿನಲ್ಲಿ, ಬಲಕ್ಕೆ,” ಎಂದು ಓರೆಸ್ಟ್ ಬ್ರಷ್ಷಿನಿಂದಲೇ ದಾರಿ ತೋರಿಸಿದ. ಅದು ನೆರೆಯ ವಾಸಿಲ್‌ನ ಮನೆ. ವಾಸಿಲ್ ಬದುಕಿದ್ದ, ಮನೆಯಲ್ಲೇ ಇದ್ದ. ಓರೆಸ್ಟನೊಡನೆ ಬೇಲಿಯ ವಿಷಯಕ್ಕೆ ಮಾತು ಬಿಟ್ಟಿದ್ದ, ಅಷ್ಟೆ.

ಆಗಸ್ಟಿನಲ್ಲಿ ಗ್ರೇಡನ್ ಮತ್ತೆ ಬಂದ. ಕಾರಿನಿಂದಿಳಿದವನು ಬಾಗಿಲು ಮುಚ್ಚುವುದನ್ನೂ ಮರೆತು ನಿಂತ. ಸಾವಿನ ಮನೆಗೆ ಬಂದವನ ಮುಖ. ಹೊಸ ಬಣ್ಣದ ವಾಸನೆ ಇನ್ನೂ ಹೋಗಿರಲಿಲ್ಲ.

ವೆರ್ನಾಗೆ ಅಯ್ಯೋ ಪಾಪ ಅನ್ನಿಸಿತು. “ಬಂದದ್ದು ಬಂದಿರಿ. ನಮ್ಮಿಬ್ಬರದೊಂದು ಫೋಟೋ ತೆಗೀರಿ,” ಎಂದಳು. “ಮದುವೆ ಆದಮೇಲೆ ಜೊತೇಲಿ ನಿಂತು ತೆಗೆಸ್ಕೊಂಡೇ ಇಲ್ಲ.”

“ನಾನು ಜನರನ್ನ ತೆಗೆಯೋದಿಲ್ಲ,” ಎಂದ ಅವನು ಗಾಬರಿಯಿಂದ.

“ಕಷ್ಟ ಏನಿಲ್ಲರೀ. ನಾವೇ ಬಂದು ನಿಲ್ತೀವಿ.”

ಇಬ್ಬರೂ ಮೆಟ್ಟಿಲ ಮೇಲೆ ನಿಂತರು. ಗ್ರೇಡನ್ ಮುಂದೆ ಬಂದ, ಹಿಂದೆ ಸರಿದ, ಮಂಡಿಯೂರಿದ, ಬೆವರಿದ. ಗೋಡೆಯಾಗಿದ್ದರೆ ಮೋಡ ಸರಿಯಲೆಂದು ಅರ್ಧ ದಿನ ಕಾಯುತ್ತಿದ್ದ. ಇವರು ಉಸಿರಾಡುತ್ತಿದ್ದರು, ತುರಿಸಿಕೊಳ್ಳುತ್ತಿದ್ದರು, ಒಬ್ಬರನ್ನೊಬ್ಬರು ಬೈಯುತ್ತಿದ್ದರು. ಹೇಗೋ ಗುಂಡಿ ಒತ್ತಿ, ಕಾಫಿಯನ್ನೂ ಕುಡಿಯದೆ ಹೊರಟುಹೋದ.

ಎರಡು ವಾರದ ಮೇಲೆ ಅಂಚೆಯಲ್ಲಿ ಫೋಟೋ ಬಂತು. ಹಿಂದಿನ ನೀಲಿ ಹಲಗೆಗಳು ಒಂದೊಂದೂ ಸ್ಫುಟವಾಗಿದ್ದವು. ಮುಂದೆ ನಿಂತ ಗಂಡಹೆಂಡಿರು ಮಸುಕು. ಓರೆಸ್ಟನ ಕಣ್ಣು ಮುಚ್ಚಿತ್ತು, ವೆರ್ನಾಳ ಬಾಯಿ ತೆರೆದಿತ್ತು. ಚೀಟಿಯಲ್ಲಿ ಕ್ಷಮೆಯಿತ್ತು, ಬೇಕಾದರೆ ಇನ್ನೊಮ್ಮೆ ಬರುವೆನೆಂದೂ ಇತ್ತು.

“ಬೇಡ,” ಎಂದು ವೆರ್ನಾ ಅದನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದಳು. ಹತ್ತಿರ ಹೋಗಿ ತನ್ನ ತೆರೆದ ಬಾಯನ್ನು ನೋಡಿದಳು. “ಅಲ್ಲೋ, ಆಗ ಏನ್ ಹೇಳ್ತಿದ್ದೆ ನಾನು?”

“ಹೊಟ್ಟೆ ಒಳಗೆ ಎಳ್ಕೊ ಅಂತಿದ್ದೆ,” ಎಂದ ಓರೆಸ್ಟ್, ಬ್ರೆಡ್ಡಿಗೆ ಬೆಣ್ಣೆ ಸವರುತ್ತ. “ಎಳ್ಕೊಂಡಿದ್ದೆ. ಅದಕ್ಕೇ ಕಣ್ಣು ಮುಚ್ಚಿದ್ದು.”