ಐದು ತೆನೆ ಬಿಳಿ ರಾಗಿ

ಮುತ್ತಮ್ಮ ಬಾವಿಯಿಂದ ಎರಡನೆಯ ಕೊಡ ಹೊತ್ತು ಒಳಗೆ ಬರುವಷ್ಟರಲ್ಲಿ ಪಿಳ್ಳಣ್ಣ ಅಟ್ಟದ ಗಳಕ್ಕೆ ಕಟ್ಟಿದ್ದ ತೆನೆಗಳನ್ನು ಇಳಿಸಿ, ಮೊರದ ಮೇಲೆ ಎರಡೂ ಕೈಯಿಂದ ಉಜ್ಜುತ್ತಿದ್ದ. ನಾಲ್ಕು ತೆನೆ ಆಗಲೇ ಬರಿದಾಗಿದ್ದವು. ಐದನೆಯದು ಅವನ ಅಂಗೈಯಲ್ಲಿತ್ತು.

"ಅಯ್ಯೋ ಮಾವ, ಅದು ಬೀಜ!"

"ಬೀಜ ಆದ್ರೇನಮ್ಮಾ, ಬೆಳ್ಳಗೈತೆ ತಾನೆ? ಅಷ್ಟು ಸಾಕು."

ಸಾವಿನ ಮನೆಯಲ್ಲಿ ಯಾರೂ ಕೇಳದೆ ಯಜಮಾನಿಕೆ ವಹಿಸುವವನೊಬ್ಬ ಇದ್ದೇ ಇರುತ್ತಾನೆ. ಈ ಮನೆಗೆ ಅವನು ಪಿಳ್ಳಣ್ಣ. ಸತ್ತ ಮುನಿತಾಯಮ್ಮನ ಒಡಹುಟ್ಟಿದ ತಮ್ಮ. ಸುದ್ದಿ ಮುಟ್ಟಿದೊಡನೆ ತ್ಯಾಮಗೊಂಡ್ಲಿನಿಂದ ಕತ್ತಲಲ್ಲೇ ಹೊರಟು, ಮಧುರೆ ಹತ್ತಿರದ ಈ ಹಳ್ಳಿಗೆ ನಡೆದೇ ಬಂದಿದ್ದ. ಕೆಟ್ಟವನಲ್ಲ. ಅಕ್ಕನನ್ನು ಸರಿಯಾಗಿ ಕಳಿಸಿಕೊಡಬೇಕೆಂಬ ಹಟ, ಅಷ್ಟೆ. ಹೆಣ ಎತ್ತುವ ಮುಂಚೆ ನಂಟರೆಲ್ಲ ಒಂದೊಂದು ಚಿಟಿಕೆ ಅಕ್ಕಿಯನ್ನು ಸತ್ತವರ ಬಾಯಿಗೆ ಹಾಕಬೇಕು. ಯುದ್ಧ ಮುಗಿದು ವರ್ಷವಾಗುತ್ತ ಬಂದರೂ ಅಕ್ಕಿ ಇನ್ನೂ ರೇಷನ್ನಿನಲ್ಲೇ ಇತ್ತು. ಈ ವಾರ ಆ ರೇಷನ್ನೂ ಬಂದಿರಲಿಲ್ಲ. ಪಕ್ಕದ ಮನೆಯ ಲಕ್ಕಮ್ಮ ಪಾವು ಹಿಡಿದು ಬೀದಿಯೆಲ್ಲ ಸುತ್ತಿ ಬರಿಗೈಯಲ್ಲಿ ಬಂದಿದ್ದಳು.

"ಕೆಂಪು ರಾಗಿ ಹಾಕಿ ಕಳಿಸ್ಲಾ ನಮ್ಮಕ್ಕನ್ನ?" ಎಂದ ಪಿಳ್ಳಣ್ಣ. "ನಾಳೆ ನಾಲ್ಕು ಜನ ಏನಂತಾರೆ?"

ಮುತ್ತಮ್ಮ ಗಂಡನ ಕಡೆ ತಿರುಗಿದಳು. ಚಿಕ್ಕವೆಂಕಟಪ್ಪ ತಾಯಿಯ ಕಾಲ ಬಳಿ ಮಂಡಿಗೆ ಮುಖ ಕೊಟ್ಟು ಕೂತಿದ್ದ.

"ನೀವಾದ್ರೂ ಹೇಳಿ. ಇರೋದೇ ಅಷ್ಟು. ಅದು ಹೋದ್ರೆ ಊರಲ್ಲಿ ಇನ್ನೊಂದು ಕಾಳು ಸಿಗಲ್ಲ."

"ಸುಮ್ಕಿರೇ. ಅವ್ವ ಇಲ್ಲೇ ಮಲಗವ್ಳೆ, ನೀನು ಐದು ತೆನೆಗೆ ಗೋಳಾಡ್ತೀಯಲ್ಲ."

"ಅತ್ತೆ ಹಂಗೇ ಸೊಸೆ," ಎಂದಳು ಲಕ್ಕಮ್ಮ, ಸೆರಗಿನಿಂದ ಮೂಗೊರೆಸಿಕೊಳ್ಳುತ್ತ. "ಹೆತ್ತೋರಿಗೆ ಹೆಗ್ಗಣ ಮುದ್ದು ಅಂತ, ಆವಮ್ಮಂಗೆ ಆ ರಾಗಿ ಅಂದ್ರೆ ಪ್ರಾಣ. ತಗೊಂಡು ಹೋಗ್ಲಿ ಬಿಡು."

ಪಿಳ್ಳಣ್ಣ ಐದನೆಯ ತೆನೆಯನ್ನೂ ಉಜ್ಜಿ, ಹೊಟ್ಟು ಊದಿದ. ಮೊರದ ಮೂಲೆಯಲ್ಲಿ ಉಳಿದದ್ದು ಒಂದು ಬೊಗಸೆಯೂ ಇರಲಿಲ್ಲ.

*

ಮುತ್ತಮ್ಮ ಈ ಮನೆಗೆ ಬಂದ ವರ್ಷ, ಕೊಯ್ಲಿನ ದಿನ, ಕುಡುಗೋಲು ಹಿಡಿದ ಆಳುಗಳೆಲ್ಲ ಬದುವಿನ ಮೇಲೆ ಕಾಯುತ್ತಿದ್ದರು. ಮುನಿತಾಯಮ್ಮ ಒಬ್ಬಳೇ ಪೈರಿನೊಳಗೆ ನಡೆಯುತ್ತಿದ್ದಳು. ಒಂದು ತೆನೆ ಬಗ್ಗಿಸಿ ನೋಡುವಳು, ಬಿಡುವಳು. ಇನ್ನೊಂದನ್ನು ಬೀಜಕ್ಕೆಂದು ಮುರಿದು ಮಡಿಲಿಗೆ ಹಾಕಿಕೊಳ್ಳುವಳು. ಬಿಸಿಲೇರಿದರೂ ಅವಸರವಿಲ್ಲ. ಅವಳು ಮುಗಿಸುವ ತನಕ ಹೊಲಕ್ಕೆ ಕುಡುಗೋಲು ಬೀಳುವಂತಿರಲಿಲ್ಲ.

ಮನೆಯಲ್ಲಿ ಐದು ಬಗೆಯ ರಾಗಿಯಿತ್ತು. ಮಳೆ ಹಿಡಿದರೆ ಜೇನುಮುದ್ದೆ, ತಡವಾದರೆ ಗಿಡ್ಡ ರಾಗಿ, ಕಲ್ಲು ನೆಲಕ್ಕೆ ಕರಿಕಡ್ಡಿ, ದನಕ್ಕೆ ಮೇವು ಬೇಕೆಂದರೆ ಹಸಿರುಕಡ್ಡಿ. ಕೂಸುಗಳ ಗಂಜಿಗೆ ಬಿಳಿ ರಾಗಿ, ಅದೂ ಎರಡೇ ಸಾಲು. ಮುಂದೆ ಮುತ್ತಮ್ಮನ ಎರಡು ಮಕ್ಕಳನ್ನು ಮಣ್ಣಿಗೆ ಕೊಟ್ಟ ಮೇಲೆ, ಮೊಲೆ ಹಾಲು ಸಾಲದ ಮೂರನೆಯದು ಬದುಕಿದ್ದು ಆ ಗಂಜಿಯಿಂದಲೇ.

ಆ ಕೊಯ್ಲಿನ ದಿನ ಅತ್ತೆ ಬದುವಿನಲ್ಲಿದ್ದ ಒಂದು ಗಿಡ ತೋರಿಸಿದಳು. ನೋಡಲು ರಾಗಿಯೇ. ಬೆರಳಿನಿಂದ ತಟ್ಟಿದೊಡನೆ ಕಾಳೆಲ್ಲ ನೆಲಕ್ಕೆ ಉದುರಿತು.

"ಇದು ಕಾಡು ರಾಗಿ. ತಾನೇ ಉದುರ್ಕೊಂಡು ತಾನೇ ಹುಟ್ತದೆ, ಯಾರ ಹಂಗೂ ಇಲ್ಲ. ನಮ್ದು ಹಂಗಲ್ಲ ಮುತ್ತಿ. ನಾವು ಬಡಿಯೋ ಗಂಟ ಕಾಳು ಹಿಡ್ಕೊಂಡು ಕಾಯ್ತದೆ. ಯಾವ ಕಾಲದಲ್ಲೋ ಯಾವಳೋ ಒಬ್ಳು ಉದುರದೇ ಇರೋ ತೆನೆ ಆರಿಸಿ ಆರಿಸಿ ಇದನ್ನ ಮನೆಗೆ ಪಳಗಿಸವ್ಳೆ. ಈಗ ಅದಕ್ಕೆ ಒಂಟಿಯಾಗಿ ಬದುಕಕ್ಕೆ ಬರಲ್ಲ. ಒಂದೇ ಒಂದು ವರ್ಷ ಮರೆತ್ರೂ ಮುಗೀತು."

ಮದುವೆಯಾದ ಹೊಸತು, ಮುತ್ತಮ್ಮನಿಗೆ ಹಸಿವಾಗಿತ್ತು. ಈ ಮುದುಕಿ ಯಾವಾಗ ಮುಗಿಸುತ್ತಾಳೋ ಎಂದಷ್ಟೇ ಅವಳು ಯೋಚಿಸುತ್ತಿದ್ದಳು.

*

ಹೆಣಕ್ಕೆ ನೀರು ಹಾಕಿ, ಹೊಸ ಸೀರೆ ಸುತ್ತಿ, ಅಂಗಳದ ಚಟ್ಟದ ಮೇಲೆ ಮಲಗಿಸಿದರು. ಮೊರ ತಲೆಯ ಬಳಿ ಇತ್ತು. ಬಂದವರು ಅಷ್ಟು ಹೊತ್ತು ಅತ್ತು ಸುಸ್ತಾಗಿ ಮಳೆಯ ಮಾತಿಗೆ ಇಳಿದಿದ್ದರು.

"ಬೇಸಾಯದ ಇಲಾಖೆಯೋರು ಹೊಸ ರಾಗಿ ಕೊಡ್ತಾರಂತಲ್ಲ ಚಿಕ್ಕವೆಂಕಟಪ್ಪ?" ಪಿಳ್ಳಣ್ಣ ಕೇಳಿದ.

"ಊಂ. ಹೊಲವೆಲ್ಲ ಒಂದೇ ಸಮ ಬೆಳೀತದಂತೆ. ಅವ್ವಂಗೆ ಹೇಳಿದ್ದೆ. ಮಳೆ ಒಂದೇ ಸಮ ಬರ್ತದೇನೋ, ಅಂದ್ಳು."

ಪಿಳ್ಳಣ್ಣನಿಗೆ ನಗು ಬಂತು, ಅದರ ಹಿಂದೆಯೇ ಅಳು ಬಂತು. ಮುತ್ತಮ್ಮ ಮೊರವನ್ನೇ ನೋಡುತ್ತಿದ್ದಳು. ನಂಟರು ಇಪ್ಪತ್ತಕ್ಕೂ ಹೆಚ್ಚು ಜನ ಇದ್ದರು.

*

ಹಿಂದೊಮ್ಮೆಯೂ ಹೀಗೇ ಮುತ್ತಮ್ಮ ಬಾಯಿ ಮುಚ್ಚಿಕೊಂಡಿದ್ದಳು. ಎರಡು ವರ್ಷದ ಹಿಂದೆ, ಸರ್ಕಾರದ ಲೆವಿಯವರು ಮನೆ ಮನೆ ಹೊಕ್ಕು ರಾಗಿ ಅಳೆದುಕೊಂಡು ಹೋಗುತ್ತಾರೆಂದು ಸುದ್ದಿ ಹಬ್ಬಿತ್ತು. ಮುನಿತಾಯಮ್ಮ ಹರಕೆ ತೀರಿಸಲು ಘಾಟಿ ಸುಬ್ರಹ್ಮಣ್ಯಕ್ಕೆ ಹೋಗಿದ್ದಳು. ಗಂಡ ಗಾಬರಿಬಿದ್ದು, ಅಟ್ಟದ ಬೀಜದ ಕಟ್ಟುಗಳನ್ನೆಲ್ಲ ಬಡಿದು ನೆಲದೊಳಗಿನ ಹಗೇವಿಗೆ ಸುರಿ ಎಂದ. ಬೇರೆ ಬೇರೆ ಇಡಬೇಕು ಎಂದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಅವಳೇ ಬಡಿದಳು, ಅವಳೇ ಸುರಿದಳು. ಲೆವಿಯವರು ಆ ವಾರ ಊರ ಕಡೆ ತಲೆಯೇ ಹಾಕಲಿಲ್ಲ.

ಅತ್ತೆ ಬಂದು ಹಗೇವಿನ ಬಾಯಲ್ಲಿ ಕೂತಳು. ಕೂಗಾಡಲಿಲ್ಲ. "ನಾಲ್ಕೂ ಕೆಂಪು. ಯಾವ ಕಾಳು ಯಾವ ತಾಯಿದು ಅಂತ ಬ್ರಹ್ಮಂಗೂ ಗೊತ್ತಾಗಲ್ಲ," ಎಂದಳಷ್ಟೆ. ಬಿಳಿಯದನ್ನು ಮಾತ್ರ ಕಣ್ಣಿನಿಂದ ಆರಿಸಬಹುದಿತ್ತು. ಮಂಜು ಕವಿಯುತ್ತಿದ್ದ ಕಣ್ಣಿನಲ್ಲಿ, ಹೊಸ್ತಿಲ ಬಿಸಿಲಿಗೆ ಮೊರ ಹಿಡಿದು, ಒದ್ದೆ ಬೆರಳಿಗೆ ಅಂಟಿಸಿಕೊಂಡು ಒಂದೊಂದಾಗಿ ತೆಗೆದಳು. ಒಂದು ತಿಂಗಳು ತೆಗೆದಳು. ಮುತ್ತಮ್ಮ ಪಕ್ಕದಲ್ಲಿ ಕೂರಲು ಹೋದರೆ, "ನೀನು ಬೇಡ, ಹೋಗು," ಎಂದಳು. ಹದಿಮೂರು ವರ್ಷದಲ್ಲಿ ಆಡಿದ ಗಟ್ಟಿ ಮಾತು ಅದೊಂದೇ. ಮುತ್ತಮ್ಮನಿಗೆ ಏಟು ತಿಂದಿದ್ದರೂ ಅಷ್ಟು ನೋಯುತ್ತಿರಲಿಲ್ಲ.

ಹೋದ ವರ್ಷ ಆ ಬಿಳಿ ಕಾಳು ಬಿತ್ತಿದರು. ಮಳೆ ಕೈಕೊಟ್ಟಿತು. ಕೊಯ್ಲಿನ ದಿನ ಮುನಿತಾಯಮ್ಮ ಬದುವಿನಲ್ಲೇ ಕುಸಿದು ಕೂತು, "ನಂಗೆ ಕಾಣಲ್ಲ ಕಣೇ ಮುತ್ತಿ. ಮುಂದೆ ನೀನೇ ನಡಿ," ಎಂದಳು. ಆಳುಗಳೆಲ್ಲ ಕಾಯುತ್ತ ನಿಂತರು. ಮುತ್ತಮ್ಮ ಒಣಗಿದ ಸಾಲಿನಲ್ಲಿ ನಡೆದು ಐದು ತೆನೆ ಆರಿಸಿ ತಂದಳು. ಅತ್ತೆ ಅವನ್ನು ಮುಟ್ಟಿ ಮುಟ್ಟಿ ನೋಡಿ, "ಪರವಾಗಿಲ್ಲ," ಎಂದಳು.

*

ಒಬ್ಬೊಬ್ಬರಾಗಿ ಚಟ್ಟಕ್ಕೆ ಸುತ್ತು ಬಂದು, ಮೊರದಿಂದ ಚಿಟಿಕೆ ತೆಗೆದು, ಬಾಯಿಗೆ ಹಾಕಿ, ಕಾಲು ಮುಟ್ಟಿ ಸರಿದರು. ಚಿಟಿಕೆ ಎಂದರೆ ಚಿಟಿಕೆ ತೆಗೆಯಬಾರದೆ? ದುಃಖದಲ್ಲಿ ಕೈಗೆ ಅಳತೆ ಇರುವುದಿಲ್ಲ. ಕೆಲವರು ಐದೂ ಬೆರಳಿಗೆ ಬಂದಷ್ಟು ತೆಗೆದರು. ಕಾಳು ತುಟಿಯಿಂದ ಜಾರಿ, ಸೀರೆಯ ಮಡಿಕೆಯಲ್ಲಿ, ಅಂಗಳದ ಕೆಸರಿನಲ್ಲಿ ಬಿತ್ತು. ಕೊನೆಗೆ ಸೊಸೆಯ ಸರದಿ ಬಂದಾಗ ಮೊರದಲ್ಲಿ ಮೂರು ಬೆರಳಿಗೆ ಸಿಗುವಷ್ಟಿತ್ತು.

"ಹಾಕವ್ವಾ," ಎಂದ ಪಿಳ್ಳಣ್ಣ.

ಮುತ್ತಮ್ಮ ಅಷ್ಟನ್ನೂ ಬಲಗೈಗೆ ಬಳಿದುಕೊಂಡಳು. ಬಗ್ಗಿದಳು. ಅತ್ತೆಯ ತುಟಿ ತಣ್ಣಗಿತ್ತು. ಹಸಿದ ಬಾಯಲ್ಲಿ ಕಳಿಸಬಾರದು ಎನ್ನುತ್ತಾರೆ. ಸೊಸೆ ಹಾಕದ ಕಾಳು ಸತ್ತವರನ್ನು ಅಲೆದಾಡಿಸುತ್ತದೆ ಎನ್ನುತ್ತಾರೆ. "ತಪ್ಪಾಯ್ತು ಅತ್ತೆ," ಎಂದು ಅಳುತ್ತ, ಮುಚ್ಚಿದ ಬೆರಳನ್ನು ತುಟಿಗೆ ತಾಕಿಸಿ, ತೆರೆಯದೆ ಹಿಂದಕ್ಕೆ ತೆಗೆದುಕೊಂಡಳು. ಅಳುವವಳ ಕೈಯನ್ನು ಯಾರು ನೋಡುತ್ತಾರೆ? ಯಾರೂ ನೋಡಲಿಲ್ಲ.

ಹೂಳುವುದು ಅವರದೇ ಹೊಲದ ಮೂಲೆಯಲ್ಲಿ. ಅರ್ಧ ಮೈಲಿ ದಾರಿ. ಅಷ್ಟು ದೂರವೂ ಅವಳು ಮುಷ್ಟಿ ಬಿಗಿದೇ ನಡೆದಳು. ಬೆವರಿಗೆ ಕಾಳು ಅಂಗೈಗೆ ಅಂಟಿತು. ಸೆರಗಿಗೆ ಕಟ್ಟಿಕೊಳ್ಳೋಣವೆಂದರೆ ಒಂದು ಪಕ್ಕದಲ್ಲಿ ಲಕ್ಕಮ್ಮ, ಇನ್ನೊಂದು ಪಕ್ಕದಲ್ಲಿ ನಂಟರು ಅವಳನ್ನು ಹಿಡಿದುಕೊಂಡಿದ್ದರು.

ಹೆಣ ಇಳಿಸಿ, ಮನೆಯವರು ಮೂರು ಮೂರು ಹಿಡಿ ಮಣ್ಣು ಹಾಕಬೇಕು. ಚಿಕ್ಕವೆಂಕಟಪ್ಪ ಹಾಕಿದ. ಮುತ್ತಮ್ಮ ಬಗ್ಗಿ, ಎಡಗೈಯಲ್ಲಿ ಮಣ್ಣು ಎತ್ತಿ ಗುಂಡಿಗೆ ಹಾಕಿದಳು.

"ಥೂ! ಎಡಗೈಲಿ ಹಾಕ್ತಾರೇನಮ್ಮಾ?" ಪಿಳ್ಳಣ್ಣ ಗದರಿದ. "ನಾಯಿ ನರಿಗೆ ಹಾಕ್ದಂಗೆ! ಬಲಗೈಗೇನಾಗೈತೆ ನಿಂಗೆ?"

ಎಲ್ಲರೂ ಅವಳ ಕಡೆ ನೋಡಿದರು. ಮುತ್ತಮ್ಮ ಬಲಗೈಯನ್ನು ಎದೆಗೆ ಒತ್ತಿಕೊಂಡಳು. ಚಿಕ್ಕವೆಂಕಟಪ್ಪ ಹತ್ತಿರ ಬಂದು, ಬಿಗಿದ ಆ ಮುಷ್ಟಿಯನ್ನು ನೋಡಿದ. ಬೆರಳ ಸಂದಿಯಲ್ಲಿ ಎರಡು ಬಿಳಿ ಕಾಳು ಕಾಣುತ್ತಿದ್ದವು. ಅವನು ಪಿಳ್ಳಣ್ಣನ ಕಡೆ ತಿರುಗಿದ.

"ಕೈ ನೋವೈತೆ ಮಾವ ಅವ್ಳಿಗೆ," ಎಂದ.

ಆಮೇಲೆ ತಾನೇ ಕುಕ್ಕರಗಾಲಲ್ಲಿ ಕೂತು, ಹಸಿ ಮಣ್ಣಿನ ಹೆಂಟೆಯೊಡೆದು ಪುಡಿಮಾಡಿ, ಎರಡನೆಯ ಹಿಡಿಯನ್ನು ಹೆಂಡತಿಯ ಎಡಗೈಗೆ ಹಾಕಿದ.