ಕೊನೆಯ ಜೀವದ ಹಲಗೆ

ಅಂಚೆಯಣ್ಣನಿಗೆ ಐದು ಜೀವ. ಕೆಂಪು ಚೀಲ ಹೆಗಲಿಗೇರಿಸಿ, ಮಾಳಿಗೆಯಿಂದ ಮಾಳಿಗೆಗೆ ಹಾರಿ, ನಾಯಿಗಳ ಬಾಯಿಂದ ತಪ್ಪಿಸಿಕೊಂಡು, ಏಳು ಬೀದಿಗೆ ಏಳು ಕಾಗದ ಮುಟ್ಟಿಸಿದರೆ ಆಟ ಗೆದ್ದಂತೆ. ಮೂವತ್ತು ವರ್ಷದ ಹಿಂದೆ ಜನ ಟೀವಿಗೆ ಸಿಕ್ಕಿಸಿ ಆಡುತ್ತಿದ್ದ ಈ ವಿಡಿಯೊ ಗೇಮನ್ನು ಒಂದು ಕಂಪನಿ ಈಗ ಮತ್ತೆ ಬಿಡುಗಡೆ ಮಾಡಲು ಹೊರಟಿತ್ತು. ಅಲ್ಲಿ ಕುಕ್ಕರ್‌ಗೆ ಕೆಲಸ ಸಿಕ್ಕಿತ್ತು. ಕೆಲಸ ಅಂದರೆ ಆಡುವುದು, ಆಡಿ ಎಲ್ಲೆಲ್ಲಿ ಕೆಟ್ಟಿದೆ ಎಂದು ಬರೆಯುವುದು.

ಕುಕ್ಕರ್ ಎಂದು ಹೆಸರಿಟ್ಟವರು ಅವನು ಹಿಂದೆ ಕೆಲಸ ಮಾಡಿದ ಗೋದಾಮಿನವರು. ಯಾವ ಗಳಿಗೆಯಲ್ಲಿ ಸೀಟಿ ಹಾಕುತ್ತಾನೋ ಹೇಳಲಾಗದು ಎಂದು. ಒಂಬತ್ತನೇ ತರಗತಿಗೇ ಶಾಲೆಗೆ ಬೆನ್ನು ತೋರಿಸಿ ಬಂದವನು, ಇಪ್ಪತ್ಮೂರು ತುಂಬುವಷ್ಟರಲ್ಲಿ ಮೂರು ಕೆಲಸ ಕಳೆದುಕೊಂಡಿದ್ದ. ಮೂರೂ ಬಾಯಿಂದಲೇ. ಬೆನ್ನು ಬಗ್ಗಿಸದೆ ಮಾಡುವ ಕೆಲಸ ಸಿಕ್ಕಿದ್ದು ಇದೇ ಮೊದಲು. ಮೂರು ತಿಂಗಳು ನೋಡಿ ಆಮೇಲೆ ಕಾಯಂ ಮಾಡುತ್ತೇವೆ ಎಂದಿದ್ದರು, ಆ ಮೂರು ತಿಂಗಳು ಈ ಶುಕ್ರವಾರಕ್ಕೆ ಮುಗಿಯುತ್ತಿತ್ತು. ಅಂದು ಅವನು ಕೊಡುವ ವರದಿ ನೋಡಿ ಇಟ್ಟುಕೊಳ್ಳುವುದೋ ಕಳಿಸುವುದೋ ಎಂಬ ತೀರ್ಮಾನ.

"ಶುಕ್ರವಾರದ ತನಕ ಬಾಯಿಗೆ ಬೀಗ ಹಾಕ್ಕೊ ಕಣೋ," ಎಂದಿದ್ದಳು ಅಕ್ಕ. "ಆಮೇಲೆ ಬೇಕಾದ್ರೆ ಮನೇಗೆ ಬಂದು ನನ್ನ ಮೇಲೆ ಕೂಗಾಡು. ನಂಗೆ ಅಭ್ಯಾಸ ಇದೆ."

ವರದಿಯ ಹಾಳೆಯಲ್ಲಿ ಎರಡು ಅಂಕಣ. ಎಡಕ್ಕೆ ಆಟದ ಬಲ, ಬಲಕ್ಕೆ ದೌರ್ಬಲ್ಯ. ಬರೆಯುವುದೆಂದರೆ ಅವನಿಗೆ ಒತ್ತಕ್ಷರದ ಭಯ, ಆದರೂ ಎಡಗಡೆ ತುಂಬಿಸಲು ಕಷ್ಟವಾಗಲಿಲ್ಲ. ಗುಂಡಿಯನ್ನು ಸುಮ್ಮನೆ ಮುಟ್ಟಿದರೆ ಅಂಚೆಯಣ್ಣ ಗೇಣು ಹಾರುತ್ತಾನೆ, ಅದುಮಿ ಹಿಡಿದರೆ ಆಳೆತ್ತರ. ಒಂದು ಗುಂಡಿಯಲ್ಲಿ ಅಷ್ಟೊಂದು ಹದ. ಎಲ್ಲಿಯೂ ಒಂದಕ್ಷರದ ಉಪದೇಶವಿಲ್ಲ. ಮೊದಲ ಮಾಳಿಗೆ ಗಿಡ್ಡ, ಎರಡನೆಯದು ಕೊಂಚ ಎತ್ತರ, ಮೂರನೆಯದಕ್ಕೆ ಬರುವಷ್ಟರಲ್ಲಿ ಕೈ ತಾನಾಗಿಯೇ ಕಲಿತಿರುತ್ತದೆ. ಒಂಬತ್ತು ವರ್ಷ ಬೆಂಚಿನ ಮೇಲೆ ಕೂರಿಸಿ ಬೈದ ಮೇಷ್ಟ್ರುಗಳಿಗೆ ಬಾರದ ವಿದ್ಯೆ ಅದು. ಎಲ್ಲಕ್ಕಿಂತ ಹೆಚ್ಚಾಗಿ, ಬಿದ್ದರೆ ಯಾಕೆ ಬಿದ್ದೆ ಎಂದು ಗೊತ್ತಾಗುತ್ತಿತ್ತು. ಅವನು ಬಿದ್ದ ಬೇರೆ ಯಾವ ಜಾಗವೂ ಅವನಿಗೆ ಕಾರಣ ಹೇಳಿರಲಿಲ್ಲ.

ಬಲಗಡೆಯೂ ಇತ್ತು. ಒಂದು ಹೆಜ್ಜೆ ಹಿಂದಕ್ಕೆ ಹೋಗಲು ಬಿಡುವುದಿಲ್ಲ, ಬಿಟ್ಟುಬಂದ ಕಾಗದ ಬಿಟ್ಟಂತೆಯೇ. ನಾಲ್ಕನೇ ಬೀದಿಯ ಕಾಗೆಗಳು ಕಣ್ಣಿಗೆ ಬೀಳುವ ಮೊದಲೇ ಪರದೆಯ ಹೊರಗಿನಿಂದ ಬಂದು ಕುಕ್ಕುತ್ತವೆ. ನಾಯಿ ಇನ್ನೂ ಎರಡು ಬೆರಳು ದೂರ ಇರುವಾಗಲೇ ಕಚ್ಚಿದ ಲೆಕ್ಕ. ಐದು ಜೀವ ಮುಗಿದರೆ, ಆರನೇ ಬೀದಿ ಮುಟ್ಟಿದವನೂ ಮೊದಲ ಮಾಳಿಗೆಯಲ್ಲೇ ಮುಗ್ಗರಿಸಿದವನೂ ಒಂದೇ ಕಡೆಯಿಂದ ಶುರು ಮಾಡಬೇಕು. ಇವೆಲ್ಲ ಸಿಟ್ಟು ಬರಿಸುವ ಕೊರತೆಗಳು, ಆದರೆ ಕದ್ದು ಮಾಡಿದ್ದೇನಲ್ಲ. ನಾಯಿ ಎಲ್ಲರಿಗೂ ಎರಡು ಬೆರಳು ದೂರದಿಂದಲೇ ಕಚ್ಚುತ್ತದೆ.

ಅವನ ತಲೆ ಕೆಡಿಸಿದ್ದು ಐದನೇ ಬೀದಿಯ ಹೊಳೆ.

ಆ ಹೊಳೆಗೆ ಸೇತುವೆ ಇಲ್ಲ. ಮಂಜಿನೊಳಗಿಂದ ಒಂದು ಹಲಗೆ ತೇಲಿ ಬರುತ್ತದೆ, ಹೋಗುತ್ತದೆ. ಕಂಡ ಮೇಲೆ ಹಾರಿದರೆ ತಡವಾಯಿತು, ಎಣಿಸಿಕೊಂಡೇ ಹಾರಬೇಕು. ಒಂದೇ ಜೀವ ಉಳಿದಿರುವಾಗ ಅದನ್ನು ದಾಟಿದವರನ್ನು ಬೆರಳಲ್ಲಿ ಎಣಿಸಬಹುದು. ಆ ಹಲಗೆಯ ಬಗ್ಗೆ ಜನ ಪುಟಗಟ್ಟಲೆ ಬರೆದಿದ್ದರು: ಕೊನೆಯ ಜೀವ ಎಂದರೆ ಮನುಷ್ಯನ ಕೈ ನಡುಗುತ್ತದೆ, ಆಟದ ದೊಡ್ಡಸ್ತಿಕೆ ಇರುವುದೇ ಆ ನಡುಕದಲ್ಲಿ. ಕುಕ್ಕರನೂ ಚಿಕ್ಕವನಿದ್ದಾಗ ಅದನ್ನೇ ನಂಬಿದ್ದ. ಹಳೇ ಸಾಮಾನಿನ ಅಂಗಡಿಯಿಂದ ಬಂದ ಆಟದ ಡಬ್ಬಿಯಲ್ಲಿ ಅಕ್ಕ ತಮ್ಮ ಆಡುವಾಗ, ಹೊಳೆ ಬಂದರೆ ಅಕ್ಕ ಜಾಯ್‌ಸ್ಟಿಕ್ಕನ್ನು ಅವನ ಮಡಿಲಿಗೆ ಎಸೆದು ಮುಖ ಮುಚ್ಚಿಕೊಳ್ಳುತ್ತಿದ್ದಳು. ಅವನೂ ಬೀಳುತ್ತಿದ್ದ. ಇಬ್ಬರೂ ತಮ್ಮ ತಮ್ಮ ಕೈಗಳನ್ನು ಬೈದುಕೊಂಡು ಏಳುತ್ತಿದ್ದರು.

ಆದರೆ ಎರಡು ವರ್ಷ ಗೋದಾಮಿನಲ್ಲಿ ಓಡುವ ಬೆಲ್ಟಿನಿಂದ ಪೆಟ್ಟಿಗೆ ಎತ್ತಿದವನ ಕಾಲು ತಾನಾಗಿಯೇ ತಾಳ ಹಾಕುತ್ತದೆ. ಹಲಗೆ ಒಮ್ಮೆ ಹೋಗಿ ಬರಲು ಏಳು ಎಣಿಕೆ. ಕೊನೆಯ ಜೀವದಲ್ಲಿ ಐದು. ಮೊದಲು ತನ್ನ ಕಾಲನ್ನೇ ಅನುಮಾನಿಸಿದ. ಐವತ್ತು ಸಲ ಆಡಿದ. ಐವತ್ತು ಸಲವೂ ಐದೇ. ಐದಕ್ಕೇ ಹಾರುವುದನ್ನು ರೂಢಿ ಮಾಡಿಕೊಂಡ ಮೇಲೆ ಕೊನೆಯ ಜೀವದಲ್ಲೂ ಸಲೀಸಾಗಿ ದಾಟತೊಡಗಿದ. ನಡುಕವೂ ಇಲ್ಲ, ಗಿಡುಕವೂ ಇಲ್ಲ.

ಮ್ಯಾನೇಜರ್ ಈ ಮಾತು ಕೇಳಿ, ಆಡುವ ಇನ್ನಿಬ್ಬರನ್ನು ಕರೆದು ಪರೀಕ್ಷೆ ಮಾಡಿಸಿದರು. ಇಬ್ಬರೂ ಏಳು ಎಂದರು. ಹೆದರಿದವನಿಗೆ ಹೊತ್ತು ಓಡಿದಂತೆ ಕಾಣುತ್ತದಪ್ಪ, ಅದು ಮನಸ್ಸಿನ ವಿಷಯ ಎಂದು ಮ್ಯಾನೇಜರ್ ಮೃದುವಾಗಿ ತಿಳಿಹೇಳಿದರು. ಆ ಮೃದುತನವೇ ಕುಕ್ಕರನ ಮೈ ಉರಿಸಿತು. ಓದಿದವರು ಓದದವನಿಗೆ ಅವನ ಕಣ್ಣನ್ನೇ ನಂಬಬೇಡ ಎಂದು ಹೇಳುವಾಗ ಇಂಥದೇ ದನಿ ತೆಗೆಯುತ್ತಾರೆ. ಬೀಗ ನೆನಪಿಸಿಕೊಂಡು ಹಲ್ಲು ಕಚ್ಚಿ ಹೊರಗೆ ಬಂದ.

ಬುಧವಾರ ಗುಟ್ಟು ಬಯಲಾಯಿತು. ಆ ಇಬ್ಬರಲ್ಲಿ ಒಬ್ಬನಾದ ಪಕ್ಕದ ಕುರ್ಚಿಯವನು ಹೊಳೆಗೆ ಬಿದ್ದ, ಎದ್ದ. ಮತ್ತೆ ಬಿದ್ದ, ಮತ್ತೆ ಎದ್ದ. ಪರದೆಯ ಮೂಲೆಯಲ್ಲಿ ಜೀವ ಮಾತ್ರ ಐದೇ ಇತ್ತು. ಇದೇನು ಎಂದು ಕೇಳಿದರೆ, ಕೆಲಸ ಬೇಗ ಸಾಗಲಿ ಎಂದು ಜೀವ ಕರಗದ ಹಾಗೆ ಮಾಡುವ ಒಂದು ಆಯ್ಕೆ ಇದೆ, ಬಂದ ದಿನದಿಂದ ಎಲ್ಲರೂ ಅದನ್ನು ಒತ್ತಿಟ್ಟುಕೊಂಡೇ ಆಡುತ್ತಾರೆ ಎಂದ.

"ಸಾಯೋಕೆಲ್ಲ ಯಾರಿಗೆ ಟೈಮಿದೆ, ಕುಕ್ಕರ್?"

ಸಾಯದವರಿಗೆ ಕೊನೆಯ ಜೀವ ಎಲ್ಲಿಂದ ಬರಬೇಕು?

ಗುರುವಾರ ಬೆಳಿಗ್ಗೆಯೇ ಮ್ಯಾನೇಜರ್‌ಗೆ ಹೇಳಲು ಹೋದ. ಅವರಿಗೆ ಪುರುಸೊತ್ತಿರಲಿಲ್ಲ. ಆಟವನ್ನು ಮೊದಲು ಮಾಡಿದ ಮೇಡಂ ಅಂದು ನೋಡಲು ಬರುವವರಿದ್ದರು. ಹಿರಿಯರು, ಅವರ ಮುಂದೆ ಹಲಗೆಯ ಸುದ್ದಿ ಎತ್ತಬೇಡ, ಹಿಂದಿನ ಸಾಲಿನಲ್ಲಿ ಕೂತಿರು ಎಂದರು. ಬಾಗಿಲವರೆಗೆ ಹೋದವನನ್ನು ತಿರುಗಿ ಕರೆದು ಮೆತ್ತಗೆ ಸೇರಿಸಿದರು: "ನಾಳೆ ಶುಕ್ರವಾರ. ನೆನಪಿದೆ ತಾನೆ?"

ಮೇಡಂಗೆ ಅರವತ್ತೈದರ ಮೇಲಾಗಿತ್ತು. ಸಣ್ಣ ಆಳು, ದಪ್ಪ ಕನ್ನಡಕ, ಕೈಯಲ್ಲಿ ಬಟ್ಟೆಯ ಚೀಲ. ಎಲ್ಲರೂ ಒತ್ತಾಯ ಮಾಡಿದ್ದಕ್ಕೆ ಆಡಲು ಕೂತರು. ತಾವೇ ಮಾಡಿದ ಕಾಗೆಗಳಿಗೆ ಎರಡು ಜೀವ ಕೊಟ್ಟು ನಕ್ಕರು, ನಾಯಿಗೆ ಒಂದು, ಹೊಳೆಗೆ ಒಂದು. ಕೊನೆಯ ಜೀವದಲ್ಲಿ ಹಲಗೆಗೆ ಹಾರಿ ನೀರಿಗೆ ಬಿದ್ದರು. ಬೆರಳುಗಳನ್ನು ಮುಖದ ಹತ್ತಿರ ತಂದು ನೋಡಿಕೊಂಡರು.

"ನೋಡಿ, ಮಾಡಿದವಳಿಗೂ ಕೈ ನಡುಗುತ್ತೆ," ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು.

ಹಿಂದಿನ ಸಾಲಿನಿಂದ ಕುಕ್ಕರ್ ಎದ್ದ. ಮ್ಯಾನೇಜರ್ ಅವನನ್ನೇ ನೋಡುತ್ತಿದ್ದರು. ಅವನ ಒಳಗೆ ಆವಿ ತುಂಬಿ ನಿಂತಿತ್ತು. ಈಗ ಸೀಟಿ ಹಾಕಿದರೆ ಕೆಲಸ ಹೋಯಿತು. ಸುಮ್ಮನೆ ಕೂತರೆ, ಈ ಹೆಂಗಸು ಮಾಡದ ತಪ್ಪಿಗೆ ತನ್ನ ಕೈಯನ್ನು ಬೈದುಕೊಂಡು ಮನೆಗೆ ಹೋಗುತ್ತಾರೆ. ಎರಡನೆಯದು ಅವನಿಂದ ಆಗಲಿಲ್ಲ. ಆದರೆ ಬಾಯಿ ತೆರೆದಾಗ ದನಿ ಅವನಿಗೇ ಗುರುತು ಸಿಗದಷ್ಟು ತಗ್ಗಿತ್ತು.

"ಮೇಡಂ, ನಿಮ್ಮ ಕೈ ಸರಿಯಾಗಿದೆ. ಇನ್ನೊಂದು ಸಲ ಆಡಿ. ಕೊನೇ ಜೀವ ಬಂದಾಗ ನಾನು ಎಣಿಸ್ತೀನಿ, ಐದು ಅಂದಾಗ ಹಾರಿ."

ಅವರು ಕನ್ನಡಕದ ಮೇಲಿಂದ ನೋಡಿದರು. ಮತ್ತೆ ಮೊದಲ ಬೀದಿಯಿಂದ ಶುರು ಮಾಡಿದರು. ಹೊಳೆಯ ಹತ್ತಿರ ಬೇಕೆಂದೇ ಬಿದ್ದು ಬಿದ್ದು ಜೀವ ಕರಗಿಸಿಕೊಂಡರು. ಕೊನೆಯದರಲ್ಲಿ ಕುಕ್ಕರ್ ಎಣಿಸಿದ. ಐದಕ್ಕೆ ಹಾರಿದರು. ಹಲಗೆ ಕಾಲಿನ ಕೆಳಗಿತ್ತು.

ಆಚೆ ದಡದಲ್ಲಿ ಅಂಚೆಯಣ್ಣನನ್ನು ನಿಲ್ಲಿಸಿ ಮೇಡಂ ಕನ್ನಡಕ ತೆಗೆದಿಟ್ಟರು. ಆಮೇಲೆ ನಿಧಾನವಾಗಿ ಬಿಡಿಸಿ ಹೇಳಿದರು. ಆಗಿನ ಯಂತ್ರದಲ್ಲಿ ಜಾಗ ಅಂದರೆ ಅಂಗೈಯಗಲ. ಬಾಕಿ ಜೀವ ಎಷ್ಟಿದೆ ಎಂದು ಬರೆದಿಡುವ ಮೂಲೆಯನ್ನೇ ಹಲಗೆಗೂ ತೋರಿಸಿದ್ದರು: ಅಲ್ಲಿ ಏನಾದರೂ ಇದ್ದರೆ ಆಚೆ ದಡದಲ್ಲಿ ಸ್ವಲ್ಪ ನಿಂತು ಬಾ ಎಂದು. ಕೊನೆಯ ಜೀವ ಆಡುವಾಗ ಬಾಕಿ ಸೊನ್ನೆ. ಹಲಗೆ ನಿಲ್ಲದೆ ತಿರುಗುತ್ತದೆ.

"ಮಕ್ಕಳು ಕಾಗದ ಬರೀತಿದ್ರು," ಎಂದರು. "ಹೊಳೆ ದಾಟೋಕೆ ಆಗ್ತಿಲ್ಲ ಅಂತ. ಹೆದರಬೇಡಿ, ಅಭ್ಯಾಸ ಮಾಡಿ, ಕೈ ನಡುಗೋದು ನಿಲ್ಲುತ್ತೆ ಅಂತ ನಾನೇ ಎಲ್ಲರಿಗೂ ಉತ್ತರ ಬರೆದೆ."

ಮ್ಯಾನೇಜರ್ ಕೆಮ್ಮಿದರು. ಈ ಹಲಗೆಯಿಂದಲೇ ಆಟಕ್ಕೆ ಹೆಸರು ಬಂದಿದೆ, ಹಳೇ ಅಭಿಮಾನಿಗಳು ಒಂದು ಕೂದಲು ಕೊಂಕಿದರೂ ಸುಮ್ಮನಿರುವುದಿಲ್ಲ ಎಂದರು. ಅವರು ಹೇಳಿದ್ದು ಪೂರ್ತಿ ಸುಳ್ಳೂ ಆಗಿರಲಿಲ್ಲ. ಆ ಭಯ ನಿಜವಾಗಿತ್ತು, ಅದರಲ್ಲಿ ಸುಖವೂ ಇತ್ತು ಎಂದು ಕುಕ್ಕರ್‌ಗೂ ಗೊತ್ತಿತ್ತು. ಮೇಡಂ ಅವನ ಕಡೆ ತಿರುಗಿದರು.

"ನೀನೇನಂತೀಯಪ್ಪಾ?"

ಜಗಳಕ್ಕೆ ಅವನು ನೂರು ಮಾತು ಸಿದ್ಧ ಮಾಡಿಟ್ಟುಕೊಂಡಿದ್ದ. ಯಾರಾದರೂ ಕೇಳಿಯಾರು ಎಂದುಕೊಂಡಿರಲಿಲ್ಲ.

"ಒಂದೇ ಜೀವ ಇರೋನಿಗೆ ನೀವು ಜಾಸ್ತಿ ಏನೂ ಕೊಡಬೇಡಿ ಮೇಡಂ," ಎಂದ. "ಐದು ಇರೋನಿಗೆ ನಿಲ್ಲೋವಷ್ಟು ಹೊತ್ತು ಇವನಿಗೂ ನಿಲ್ಲಲಿ. ಅಷ್ಟೇ."

ಆ ಮಾತನ್ನೇ ವರದಿಯ ಬಲಗಡೆ ಬರೆದ, ಜೊತೆಗೆ ಜೀವ ಕರಗದ ಆಯ್ಕೆಯ ಸಂಗತಿಯನ್ನೂ. ಎರಡು ಒತ್ತಕ್ಷರ ತಪ್ಪಿತ್ತು. ಶುಕ್ರವಾರ ಮ್ಯಾನೇಜರ್ ಅದನ್ನು ಓದಿ, ತಲೆ ಎತ್ತದೆಯೇ ಸಹಿ ಮಾಡಿದರು.

"ಮೇಡಂ ಹೇಳಿದ್ರು ಅಂತ ಇಟ್ಕೊಳ್ತಿದೀನಿ ಅಂದ್ಕೋಬೇಡ," ಎಂದರು. "ಆ ಇಬ್ಬರು ಮೂರು ತಿಂಗಳು ಒಂದು ಸಲಾನೂ ಸಾಯದೆ ಸಂಬಳ ತಗೊಂಡರು. ಸಾಯೋನು ಒಬ್ಬ ಬೇಕು."

ಮಧ್ಯಾಹ್ನದ ಹೊತ್ತಿಗೆ ಸರಿಪಡಿಸಿದ ಆಟ ಅವನ ಮೇಜಿಗೆ ಬಂತು. ಐದನೇ ಬೀದಿಗೆ ಹೋದ. ನಾಲ್ಕು ಜೀವ ಹೊಳೆಗೆ ಚೆಲ್ಲಿ, ಕೊನೆಯದನ್ನು ಹಿಡಿದು ದಡದಲ್ಲಿ ನಿಂತ. ಹಲಗೆ ಮಂಜಿನೊಳಗೆ ಹೋಯಿತು. ಏಳು ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಆದರೂ ಹೆಬ್ಬೆರಳು ಐದಕ್ಕೇ ಗುಂಡಿ ಒತ್ತಿಬಿಟ್ಟಿತು. ಅಂಚೆಯಣ್ಣ ಚೀಲದ ಸಮೇತ ಖಾಲಿ ನೀರಿಗೆ ಹಾರಿದ. ಅವನು ಮುಳುಗಿದ ಮೇಲೆ ಹಲಗೆ ಮಂಜಿನಿಂದ ಹೊರಗೆ ಬಂದು, ದಡಕ್ಕೆ ತಾಗಿ ಹಿಂದಿರುಗಿತು.

ಪಕ್ಕದ ಕುರ್ಚಿಯವನು ಇತ್ತ ನೋಡುತ್ತಿದ್ದ. ಕುಕ್ಕರ್ ಹೆಬ್ಬೆರಳನ್ನು ಪ್ಯಾಂಟಿಗೆ ಒರೆಸಿಕೊಂಡು, ಕಾಲನ್ನು ನೆಲಕ್ಕೆ ಗಟ್ಟಿಯಾಗಿ ಊರಿ, ಮೊದಲ ಮಾಳಿಗೆಯಿಂದ ಮತ್ತೆ ಹಾರತೊಡಗಿದ.